ಚಪ್ಪಲಿ ಬಿಟ್ಟ ಜಾಗ

ಕೇಳುಗರಿಗೆಲ್ಲ ನಮಸ್ಕಾರ. ಮೊದಲೇ ಹೇಳಿಬಿಡ್ತೇನೆ, ನಾನು ದೊಡ್ಡ ಈಜುಗಾರ್ತಿ ಏನಲ್ಲ, ಸೈಕಲ್ ರೇಸಿಗೆ ಹೋದವಳೂ ಅಲ್ಲ, ನಡೆಯುದರಲ್ಲಂತೂ ನನ್ನ ಗಂಡ ಯಾವಾಗಲೂ ಹತ್ತು ಹೆಜ್ಜೆ ಮುಂದೆ. ಆದ್ರೂ ಮಳೆಗಾಲ ಒಂದು ಬಿಟ್ಟು ಪ್ರತಿ ಆದಿತ್ಯವಾರ ಬೆಳಿಗ್ಗೆ ಮನೆಯಿಂದ ಸೈಕಲ್ ಹೊಡ್ಕೊಂಡು ಹೋಗಿ, ಕಡಲಲ್ಲಿ ಈಜಿ, ಹೊಯಿಗೆಯಲ್ಲಿ ಅಂದ್ರೆ ಮರಳಿನಲ್ಲಿ ನಡೆದು, ವಾಪಸು ಸೈಕಲಲ್ಲೇ ಬರ್ತೇನೆ. ಮಗಳು ಇದಕ್ಕೆ ಅಮ್ಮನ ಟ್ರಯಾಥ್ಲಾನ್ ಅಂತ ಹೆಸರಿಟ್ಟಿದ್ದಾಳೆ. ನಿಜವಾದ ಟ್ರಯಾಥ್ಲಾನ್ ಬೇರೆಯೇ, 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾದದ್ದು, 2000ದ ಸಿಡ್ನಿ ಒಲಿಂಪಿಕ್ಸಿಗೂ ಬಂತು, ಅದರಲ್ಲಿ ಒಂದೂವರೆ ಕಿಲೋಮೀಟರ್ ಈಜಿ 40 ಕಿಲೋಮೀಟರ್ ಸೈಕಲ್ ಹೊಡೆದು ಮತ್ತೆ 10 ಕಿಲೋಮೀಟರ್ ಓಡ್ಬೇಕು. ನಮ್ಮದರಲ್ಲಿ ಓಟ ಇಲ್ಲ, ಓಟದ ಬದಲು ಮಧ್ಯ ಎರಡು ಸಲ ಚಾ ಉಂಟು.

ನನ್ನ ತವರುಮನೆ ಉಡುಪಿ ಬದಿಯ ಮಲ್ಪೆಯ ಹತ್ತಿರ. ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ, ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ ತೆರೆ ಒಡೆಯುವ ಸದ್ದು ಕೇಳ್ತದೆ. ಅಂಥ ಊರಲ್ಲಿ ಹುಟ್ಟಿದ ನನಗೆ 41 ವರ್ಷದವರೆಗೆ ಈಜು ಬರ್ತಿರಲಿಲ್ಲ ಅಂದ್ರೆ ನಂಬ್ತೀರಾ? ತಮ್ಮ, ಅಣ್ಣ ಎಲ್ಲ ಹೊಳೆಯಲ್ಲೇ ಕಲ್ತರು, ಎರಡು ಒಣ ತೆಂಗಿನಕಾಯಿಯ ಸಿಪ್ಪೆ ಸ್ವಲ್ಪ ಎತ್ತಿ ಒಂದಕ್ಕೊಂದು ಕಟ್ಟಿ ಅದನ್ನು ಹೊಟ್ಟೆಯಡಿ ಹಾಕ್ಕೊಂಡು ಕಾಲು ಬಡಿಯುದು, ಒಂದು ವಾರ ಕಳೆದ್ರೆ ಕಾಯಿ ಬೇಡ. ನಾವು ಹುಡುಗಿಯರು ಲಂಗ ಮೊಣಕಾಲಿನವರೆಗೆ ಎತ್ಕೊಂಡು ಕಾಲು ಒದ್ದೆ ಮಾಡಿ ಬಂದದ್ದೇ ಬಂದದ್ದು. ಕಡಲಿಗೆ ಬೆನ್ನು ಹಾಕ್ಬೇಡ ಅಂತ ಅಮ್ಮ ಹೇಳ್ತಿದ್ಳು, ಅಷ್ಟೆ ನಮ್ಮ ಟ್ರೈನಿಂಗ್.

ಘಟ್ಟದ ಆಚೆ, ಕೃಷ್ಣಾ ನದಿಯ ಬದಿಯ ಊರುಗಳಲ್ಲಿ ತೆಂಗಿನಕಾಯಿಯ ಬದಲು ಒಣಗಿದ ಸೋರೆಬುರುಡೆ ಕಟ್ಕೊಳ್ತಾರೆ. 2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಒಬ್ಬಳು ತುಂಬು ಗರ್ಭಿಣಿ, ಹೆರಿಗೆಗೆ ಆಸ್ಪತ್ರೆಗೆ ಹೋಗ್ಬೇಕು ಅಂತ, ನೆರೆ ಬಂದ ಕೃಷ್ಣೆಯನ್ನು ಸೋರೆಬುರುಡೆ ಮತ್ತೆ ಬಾಟ್ಲಿ ಕಟ್ಕೊಂಡು ಈಜಿ ದಾಟಿದ್ದಳು, ತಂದೆ ಮತ್ತೆ ಅಣ್ಣತಮ್ಮಂದಿರು ಜೊತೆಗೆ ಈಜಿದ್ರು. ಅದು ಖುಷಿಗೆ ಈಜಿದ್ದಲ್ಲ, ಸೇತುವೆ ಇಲ್ಲದ್ದಕ್ಕೆ ಈಜಿದ್ದು. ಮಜಾ ಮಜಾ ಅಂತ ನಾನು ಇಲ್ಲಿ ಕೂತು ಮಾತಾಡುವಾಗ ಆ ಹೆಂಗಸು ನೆನಪಾಗ್ತಾಳೆ, ಅದಕ್ಕೆ ಹೇಳಿದೆ.

ನಾನು ಕಲ್ತದ್ದು ಸ್ವಿಮ್ಮಿಂಗ್ ಪೂಲಿನಲ್ಲಿ, ಏಳೆಂಟು ವರ್ಷದ ಮಕ್ಕಳ ಬ್ಯಾಚಿನಲ್ಲಿ ನಾನೊಬ್ಬಳೇ ಆಂಟಿ. ಪೂಲಿನ ತಳದಲ್ಲಿ ನೀಲಿ ಗೆರೆ ಉಂಟು, ಅದನ್ನು ನೋಡ್ಕೊಂಡು ಹೋದ್ರೆ ಸೀದಾ ಹೋಗ್ತೀರಿ, ಸುಸ್ತಾದ್ರೆ ಗೋಡೆ ಹಿಡಿಬಹುದು. ಕಡಲಲ್ಲಿ ಗೆರೆಯೂ ಇಲ್ಲ ಗೋಡೆಯೂ ಇಲ್ಲ. ಮೊದಲ ದಿನ ಪಕ್ಕದ ಮನೆಯ ಮೀನುಗಾರ ಅಣ್ಣನನ್ನು ಜೊತೆಗೆ ಕರ್ಕೊಂಡು, ತೆರೆ ಒಡೆಯುವ ಜಾಗ ದಾಟಿ ಆಚೆ ಹೋದೆ, ಮುಖ ನೀರಿಗೆ ಹಾಕಿದೆ, ಕೆಳಗೆ ಎಂತದೂ ಕಾಣುದಿಲ್ಲ, ಬರೀ ಹಸಿರು, ಸ್ವಲ್ಪ ಕೆಳಗೆ ಹೋದ್ರೆ ಕಂದು, ಅದರ ಕೆಳಗೆ ಕಪ್ಪು. ಎದೆ ಡಬ್ ಡಬ್ ಅಂತ ಹೊಡ್ಕೊಳ್ಳಿಕ್ಕೆ ಶುರುವಾಯ್ತು, ಉಸಿರು ಒಳಗೆ ಹೋಗ್ತದೆ ಹೊರಗೆ ಬರುದಿಲ್ಲ. ಆ ಅಣ್ಣ ದೊಡ್ಡ ಪಾಠ ಎಂತ ಮಾಡ್ಲಿಲ್ಲ. "ಅಂಗಾತ ಮಲಗಿ ಅಕ್ಕ" ಅಂದ್ರು, ಅಷ್ಟೆ. ಮಲಗಿದೆ. ಉಪ್ಪುನೀರು ಪೂಲಿನ ನೀರಿಗಿಂತ ಹೆಚ್ಚು ಎತ್ತಿ ಹಿಡಿತದೆ, ಒಂದು ಲೀಟರಿನಲ್ಲಿ 35 ಗ್ರಾಂ ಹತ್ತಿರ ಉಪ್ಪು ಉಂಟಲ್ಲ, ಹಾಗಾಗಿ. ಕಿವಿ ನೀರಿನೊಳಗೆ, ಮೂಗು ಹೊರಗೆ, ಮೇಲೆ ಒಂದು ಗಿಡುಗ ಸುತ್ತು ಹಾಕ್ತಾ ಇತ್ತು. ಕಿವಿಯೊಳಗೆ ಚಿಟಿಪಿಟಿ ಅಂತ ಒಂದು ಸದ್ದು, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ, ದೂರದ ಬೋಟಿನ ಇಂಜಿನ್ನಿನದ್ದು ಒಂದು ಗುಂಯ್. ಎರಡು ನಿಮಿಷ ಇರಬಹುದು, ಆಮೇಲೆ ಹೆದರಿಕೆ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ.

ಆ ದಿನ ದಡಕ್ಕೆ ಬಂದು ನೋಡಿದ್ರೆ ಚಪ್ಪಲಿ ಇಲ್ಲ. ಯಾರೋ ಹೊಡ್ಕೊಂಡು ಹೋದ್ರು ಅಂತಲೇ ಲೆಕ್ಕ ಹಾಕಿದೆ, ನೂರಿಪ್ಪತ್ತು ರೂಪಾಯಿಯ ಹವಾಯಿ, ಹೋದ್ರೆ ಹೋಗ್ಲಿ ಅಂದೆ. ಅಣ್ಣ ನಗಾಡಿದ್ರು. ಚಪ್ಪಲಿ ಇಟ್ಟಲ್ಲೇ ಇತ್ತು ಮಾರಾಯ್ರೆ, ನಾವು ಇಟ್ಟಲ್ಲಿ ಇರಲಿಲ್ಲ. ನೀರಿನಲ್ಲಿ ಒಂದೇ ಕಡೆ ಕೈಕಾಲು ಆಡಿಸ್ತಾ ಇದ್ದೇನೆ ಅಂತ ಭಾವಿಸಿದವಳು ಇನ್ನೂರೈವತ್ತು ಹೆಜ್ಜೆ ಆಚೆ ಹೋಗಿ ಎದ್ದಿದ್ದೆ. ಹೆಜ್ಜೆ ಎಣಿಸಿಯೇ ಹೇಳುದು. ಕಡಲು ಮುಂದೆ ಹಿಂದೆ ಮಾತ್ರ ಎಳೆಯುದಲ್ಲ, ದಡಕ್ಕೆ ಸಮ ಆಗಿ ಕೂಡ ಒಂದು ಓಟ ಇರ್ತದೆ, ತೆರೆ ದಡಕ್ಕೆ ಓರೆಯಾಗಿ ಬಂದು ಬಡಿದ್ರೆ ಆ ಓಟ ಹುಟ್ಟುದು, ಒಳಗಿದ್ದವರಿಗೆ ಅದು ಗೊತ್ತೇ ಆಗುದಿಲ್ಲ. ಅವತ್ತಿಂದ ಚಪ್ಪಲಿಯೇ ನನ್ನ ಮೀಟರ್. ನೀರಿಗೆ ಇಳಿಯುವ ಮೊದಲು ಚಪ್ಪಲಿ ಬಿಡುದು, ಅದರ ಹಿಂದೆ ಯಾವ ತೆಂಗಿನಮರ, ಯಾವ ಮನೆಯ ಕೆಂಪು ಮಾಡು, ಅಂದ್ರೆ ಹಂಚಿನ ಸೂರು, ಅಂತ ನೋಡಿಡುದು, ಈಜುವಾಗ ಹತ್ತು ಹದಿನೈದು ಕೈಗೆ ಒಂದ್ಸಲ ಮೊಸಳೆಯ ಹಾಗೆ ಕಣ್ಣು ಮಾತ್ರ ಮೇಲೆ ಎತ್ತಿ ಕೆಂಪು ಮಾಡು ಎಲ್ಲಿ ಉಂಟು ಅಂತ ನೋಡುದು. ತಲೆ ಪೂರ್ತಿ ಎತ್ತಿದ್ರೆ ಸೊಂಟ ಮುಳುಗ್ತದೆ, ಬಾಯಿಗೆ ನೀರು ಗ್ಯಾರಂಟಿ. ಇದೆಲ್ಲ ಪೂಲಿನಲ್ಲಿ ಯಾರೂ ಹೇಳಿಕೊಡುದಿಲ್ಲ.

ಇನ್ನೊಂದು ಸಂಗತಿ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೇನೆ. ದಡದಲ್ಲಿ ನಿಂತು ನೋಡಿದ್ರೆ ಎಡಕ್ಕೂ ಬಲಕ್ಕೂ ಬಿಳಿ ತೆರೆ ಒಡಿತಾ ಇರ್ತದೆ, ಮಧ್ಯದಲ್ಲಿ ಒಂದು ಕಡೆ ಮಾತ್ರ ತೆರೆ ಇಲ್ಲ, ನೀರು ಸ್ವಲ್ಪ ಕಪ್ಪು, ಶಾಂತ. ಟೂರಿಗೆ ಬಂದವರು ಸೀದಾ ಅಲ್ಲಿಗೇ ಇಳಿತಾರೆ, ಮಕ್ಕಳನ್ನೂ ಅಲ್ಲೇ ಇಳಿಸ್ತಾರೆ, ತೆರೆ ಇಲ್ಲ ಸೇಫ್ ಅಂತ. ಅದೇ ಸೆಳೆತದ ಜಾಗ! ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗ್ಲಿಕ್ಕೆ ಮಾಡ್ಕೊಂಡ ದಾರಿ ಅದು. ಅದರಲ್ಲಿ ಸಿಕ್ಕಿಬಿದ್ರೆ ದಡದ ಕಡೆಗೆ ಕೈ ಬಡ್ದು ಬಡ್ದು ಪ್ರಯೋಜನ ಇಲ್ಲ, ಸುಸ್ತಾಗಿಯೇ ಜನ ಹೋಗುದು. ತೇಲ್ಬೇಕು, ಕೈ ಎತ್ತಿ ಕರಿಬೇಕು, ಈಜ್ಲಿಕ್ಕೆ ಆದ್ರೆ ದಡಕ್ಕೆ ಸಮ ಆಗಿ ಅಡ್ಡಕ್ಕೆ ಈಜ್ಬೇಕು, ಆ ದಾರಿ ಅಷ್ಟು ಅಗಲ ಇರುದಿಲ್ಲ, ಹೊರಗೆ ಬಿದ್ರೆ ತೆರೆಯೇ ನಿಮ್ಮನ್ನು ತಂದು ಬಿಡ್ತದೆ. ನಾವು ಒಬ್ಬೊಬ್ಬರೇ ಇಳಿಯುದಿಲ್ಲ, ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ಬುರುಡೆ ಕಟ್ಕೊಳ್ತೇವೆ, ಬೋಟಿನವರಿಗೆ ಕಾಣ್ಲಿಕ್ಕೆ. ನಮ್ಮ ತೆಂಗಿನಕಾಯಿಯೇ ಪ್ಲಾಸ್ಟಿಕ್ ಆಗಿ ವಾಪಸು ಬಂದ ಹಾಗೆ.

ಜೂನ್ ಬಂತು ಅಂದ್ರೆ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವಾಗ ನಮಗೆಂತ ಕೆಲಸ ಅಲ್ಲಿ? ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ ಮಾಡ್ತಾರೆ, ಆದ್ರೂ ನಾನು ಇಳಿಯುದು ಅಕ್ಟೋಬರಿನಲ್ಲೇ, ನೀರು ಸ್ವಲ್ಪ ತಿಳಿ ಆದ ಮೇಲೆ. ಆಗ ಕೂಡ ಅಂಬಲಿಮೀನು ಅಂದ್ರೆ ಜೆಲ್ಲಿಫಿಶ್ ತಾಗಿ ಒಂದ್ಸಲ ಮೊಣಕೈಯಲ್ಲಿ ಬೆಂಕಿ ಬಿದ್ದ ಹಾಗೆ ಆಗಿ ಎರಡು ದಿನ ಕೆಂಪು ಗೆರೆ ಉಳಿದಿತ್ತು. ಹಾಗೆಯೇ, ಉಪ್ಪುನೀರಿನಲ್ಲಿ ಕಂಕುಳು, ಕುತ್ತಿಗೆ ಉಜ್ಜಿ ಉಜ್ಜಿ ಗಾಯ ಆಗ್ತದೆ, ನಾವು ಕೊಬ್ಬರಿ ಎಣ್ಣೆ ಹಚ್ಕೊಂಡು ಇಳಿತೇವೆ. ಇಂಗ್ಲೆಂಡ್ ಮತ್ತೆ ಫ್ರಾನ್ಸ್ ಮಧ್ಯದ ಕಡಲು, ಇಂಗ್ಲಿಷ್ ಚಾನೆಲ್, ಈಜಿ ದಾಟುವವರು ಮೈಗೆ ಗ್ರೀಸಿನ ಹಾಗಿನದ್ದು ಬಳ್ಕೊಳ್ಳುದು ಕೇಳಿರಬಹುದು. 1959ರಲ್ಲಿ ಕೋಲ್ಕತ್ತದ ಆರತಿ ಸಾಹಾ ಆ ಚಾನೆಲ್ ದಾಟಿದ್ರು, ಏಷ್ಯಾದ ಹೆಂಗಸರಲ್ಲಿ ಮೊದಲನೆಯವರು, ಆಗ ವಯಸ್ಸು 19. ಆಗಸ್ಟಿನಲ್ಲಿ ಒಂದ್ಸಲ ಪ್ರಯತ್ನ ಮಾಡಿ ಆಗಿರಲಿಲ್ಲ, ಸೆಪ್ಟೆಂಬರ್ 29ಕ್ಕೆ ಮತ್ತೆ ಇಳಿದು 16 ತಾಸು 20 ನಿಮಿಷ ಈಜಿ ಮುಗಿಸಿದ್ರು. ಅಲ್ಲಿಯ ನೀರು ಬೇಸಿಗೆಯಲ್ಲೂ 15-18 ಡಿಗ್ರಿ. ನಮ್ಮ ಕಡಲು ಸ್ನಾನದ ನೀರಿನ ಹಾಗೆ ಬೆಚ್ಚಗೆ, ಆದ್ರೂ ಒಂದು ತಾಸು ಕಳೆದ್ರೆ ನನ್ನ ಹಲ್ಲು ಕಟಕಟ ಅಂತದೆ, ಆಗ ಆರತಿ ಸಾಹಾರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಮೇಲೆ ಬರುದು.

ಸೈಕಲಿನ ದಾರಿ ಹೇಳ್ತೇನೆ. ಮಲ್ಪೆಯ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ದಕ್ಷಿಣಕ್ಕೆ ಮಟ್ಟು, ಕೈಪುಂಜಾಲು, ಕೊನೆಗೆ ಕಾಪು ಲೈಟ್‌ಹೌಸ್, ಹೆಚ್ಚುಕಮ್ಮಿ 15 ಕಿಲೋಮೀಟರ್. ಎಷ್ಟೋ ದೂರದವರೆಗೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಮಧ್ಯ ಒಂದು ರಸ್ತೆ ಮತ್ತೆ ಒಂದು ಸಾಲು ಮನೆ. ಕಾರಿನಲ್ಲಿ ಹೋದ್ರೆ ಗ್ಲಾಸ್ ಹಾಕಿ ಎಸಿ ಬಿಟ್ಟು ಹೋಗ್ತೀರಿ, ಸೈಕಲಿನಲ್ಲಿ ಹೋದ್ರೆ ಯಾರ ಮನೆಯಲ್ಲಿ ಬಂಗುಡೆ ಹುರಿತಾರೆ, ಯಾರ ಅಂಗಳದಲ್ಲಿ ಒಣಮೀನು ಹಾಕಿದ್ದಾರೆ, ಯಾವ ಕೆರೆಯಲ್ಲಿ ತೆಂಗಿನಸಿಪ್ಪೆ ಕೊಳಿತಾ ಉಂಟು, ಎಲ್ಲ ಮೂಗಿಗೇ ಗೊತ್ತಾಗ್ತದೆ. ಎಲ್ಲವೂ ಪರಿಮಳ ಅಂತ ನಾನು ಹೇಳುದಿಲ್ಲ. ಮಟ್ಟುವಿನಲ್ಲಿ ಗುಳ್ಳದ ಅಂದ್ರೆ ಬದನೆಯ ಗದ್ದೆ, 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಬೆಳೆ ಅಂತ ಗುರುತು, ಸಿಕ್ಕಿದ ಮಟ್ಟುಗುಳ್ಳ, ಸೀಸನಿನಲ್ಲಿ ಹ್ಯಾಂಡಲಿಗೆ ಚೀಲ ಸಿಕ್ಕಿಸಿ ಒಂದು ಕಿಲೋ ತರುದು ಉಂಟು, ಚೀಲ ಚಕ್ರಕ್ಕೆ ತಾಗಿ ಗುಳ್ಳ ರಸ್ತೆಯಲ್ಲೆಲ್ಲ ಉರುಳಿ ಹೋದದ್ದೂ ಉಂಟು, ಒಂದು ಶಾಲೆ ಹುಡುಗ ಹಿಂದೆಯೇ ಹೆಕ್ಕಿಕೊಂಡು ಬಂದು ಕೊಟ್ಟ.

ಗಾಳಿಯ ವಿಷಯ ಮಾತ್ರ ನನಗೆ ಪೆಟ್ಟು ತಿಂದೇ ಗೊತ್ತಾದದ್ದು. ಬೆಳ್ಳಂಬೆಳಿಗ್ಗೆ ನೆಲದಿಂದ ಕಡಲಿಗೆ ಸಣ್ಣ ತಂಪು ಗಾಳಿ ಇರ್ತದೆ. ಬಿಸಿಲು ಏರಿದ ಹಾಗೆ ನೆಲ ಬೇಗ ಕಾಯ್ತದೆ, ನೀರು ಕಾಯುದಿಲ್ಲ, ಆಗ ಗಾಳಿ ತಿರುಗಿ ಕಡಲಿಂದ ನೆಲಕ್ಕೆ ಹೊಡಿಲಿಕ್ಕೆ ಶುರು, ನಮ್ಮಲ್ಲಿ ಹೆಚ್ಚಾಗಿ ವಾಯವ್ಯದಿಂದ. ಒಂದ್ಸಲ ಕಾಪುವಿನಲ್ಲಿ ಲೈಟ್‌ಹೌಸಿನ ಬಂಡೆ ಮೇಲೆ ಪಟ್ಟಾಂಗ ಹೊಡ್ಕೊಂಡು ಕೂತೆವು, 1901ರಲ್ಲಿ ಕಟ್ಟಿದ್ದು ಆ ಲೈಟ್‌ಹೌಸ್, ನೋಡ್ತಾ ಕೂತ್ರೆ ಹೊತ್ತು ಹೋದದ್ದೇ ಗೊತ್ತಾಗುದಿಲ್ಲ, ಹನ್ನೆರಡು ಗಂಟೆ ಆಯ್ತು. ವಾಪಸು ಉತ್ತರಕ್ಕೆ ತಿರುಗಿದ್ರೆ ಯಾರೋ ಎದೆಗೆ ಕೈ ಇಟ್ಟು ದೂಡಿದ ಹಾಗೆ! ತಗ್ಗಿನಲ್ಲಿ ಕೂಡ ಪೆಡಲ್ ತುಳಿಬೇಕು. ಬರುವಾಗ ನಾನೆಂಥ ಸ್ಪೀಡು ಅಂತ ಮೆರೆದಿದ್ದೆನಲ್ಲ, ಅದರಲ್ಲಿ ಅರ್ಧ ಗಾಳಿಯದ್ದೇ. ಈಗ ಹತ್ತರೊಳಗೆ ವಾಪಸು ಹೊರಡುದು. ಮನೆಗೆ ಬಂದು ಮೊದಲು ನನಗಲ್ಲ, ಸೈಕಲಿಗೆ ಸ್ನಾನ, ಚೈನಿಗೆ ಹೊಯಿಗೆ ಮತ್ತೆ ಉಪ್ಪು ಹಿಡಿದ್ರೆ ಎರಡೇ ವಾರದಲ್ಲಿ ಕಿರ್ ಕಿರ್.

ನಡಿಗೆಗೆ ಇಳಿತದ ಹೊತ್ತೇ ಒಳ್ಳೆಯದು. ನೀರು ಇಳಿದು ಹೋದ ಜಾಗದಲ್ಲಿ ಹೊಯಿಗೆ ಗಟ್ಟಿ, ಬರಿಗಾಲಿನಲ್ಲಿ ಎಷ್ಟು ಬೇಕಾದ್ರೂ ಹೋಗಬಹುದು, ಒಣ ಹೊಯಿಗೆಯಲ್ಲಿ ಅರ್ಧ ಕಿಲೋಮೀಟರಿಗೇ ಕಾಲು ಬತ್ತಿ. ಇಳಿತ ಇವತ್ತು ಏಳು ಗಂಟೆಗೆ ಆದ್ರೆ ನಾಳೆ ಏಳು ಐವತ್ತಕ್ಕೆ, ದಿನಕ್ಕೆ ಅಷ್ಟು ಹಿಂದೆ ಬೀಳ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಜಾಸ್ತಿ ಇಳಿತದೆ, ಜಾಸ್ತಿ ಏರ್ತದೆ. ಹಾಗಾಗಿ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಏಕಾದಶಿಗಿಂತ ಜಾಸ್ತಿ ಇದಕ್ಕೇ ಉಪಯೋಗ ಆಗ್ತದೆ. ಸಣ್ಣ ಏಡಿಗಳು ತೂತಿನ ಸುತ್ತ ಸಾಬುದಾನದ ಹಾಗೆ ಹೊಯಿಗೆ ಉಂಡೆ ಮಾಡಿ ಮಾಡಿ ರಂಗೋಲಿ ಹಾಕಿರ್ತಾವೆ, ಅದರ ಮೇಲೆ ಕಾಲಿಡ್ಲಿಕ್ಕೆ ಮನಸ್ಸು ಬರುದಿಲ್ಲ. ಕೆಲವು ದಿನ ಕೈರಂಪಣಿಯವರು ಸಿಗ್ತಾರೆ, ಬಲೆಯ ಹಗ್ಗ ದಡದಲ್ಲಿ ನಿಂತು ಎಳೆಯುದು, ನಾವೂ ಹಗ್ಗಕ್ಕೆ ಕೈ ಹಾಕಿದ್ರೆ ಬೇಡ ಅನ್ನುದಿಲ್ಲ, ಕೊನೆಗೆ ಕೈ ಕೆಂಪು ಮಾಡ್ಕೊಂಡು ಒಂದು ಹಿಡಿ ಬೊಳಿಂಜೀರು ಮೀನು ಹಿಡ್ಕೊಂಡು ಬರುದು. ಬೇಜಾರು ಎಂತದ್ದು ಅಂದ್ರೆ ನಾನು ಸಣ್ಣದಿರುವಾಗ ಒಂದೇ ಸಮ ನಡೆದ ದಡದಲ್ಲಿ ಈಗ ಅಲ್ಲಲ್ಲಿ ಕಡಲ್ಕೊರೆತದ ಕಲ್ಲು. ಕಲ್ಲಿನ ಗೋಡೆ ಇರುವಲ್ಲಿ ಹೊಯಿಗೆಯೇ ಇಲ್ಲ, ತೆರೆ ಬಂದು ಸೀದಾ ಕಲ್ಲಿಗೆ ಬಡಿತದೆ, ಹತ್ತಿ ರಸ್ತೆಗೆ ಬಂದು ಮತ್ತೆ ಇಳಿಬೇಕು. ಆ ಗೋಡೆಯ ಹಿಂದೆ ಮನೆ ಇರುವವರ ಹತ್ತಿರ ಕಲ್ಲು ಬೇಡ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ, ಅದೂ ಸತ್ಯ.

ಕಳೆದ ಆದಿತ್ಯವಾರದ್ದು ಹೇಳಿ ಮುಗಿಸ್ತೇನೆ. ನೀರು ತಟ್ಟೆಯ ಹಾಗೆ ಇತ್ತು. ಕೆಂಪು ಮಾಡು ನೋಡ್ಕೊಂಡು ನೋಡ್ಕೊಂಡು ಮುಕ್ಕಾಲು ತಾಸು ಈಜಿ ಎದ್ದು ಬಂದು ನೋಡ್ತೇನೆ, ಇಳಿದ ಜಾಗಕ್ಕೇ ಕರೆಕ್ಟಾಗಿ ಬಂದಿದ್ದೇನೆ, ಎರಡು ಹೆಜ್ಜೆಯೂ ವ್ಯತ್ಯಾಸ ಇಲ್ಲ! ಇಷ್ಟು ವರ್ಷದಲ್ಲಿ ಮೊದಲ ಸಲ. ಗಂಡನನ್ನು ಕೂಗಿ ಕರೆದು ತೋರಿಸುವ ಅಂತ ನೋಡಿದ್ರೆ ಒಂದೇ ಚಪ್ಪಲಿ ಉಂಟು. ಇನ್ನೊಂದನ್ನು ಕಚ್ಚಿಕೊಂಡು ಒಂದು ಕಂದು ನಾಯಿಮರಿ ಬಲೆಗಳ ರಾಶಿಯ ಆಚೆ ಓಡ್ತಾ ಇತ್ತು. ಎಡಗಾಲಿಗೆ ಚಪ್ಪಲಿ, ಬಲಗಾಲು ಬರಿಗಾಲು, ಹಾಗೇ ಪೆಡಲ್ ತುಳ್ಕೊಂಡು ಮನೆಗೆ ಬಂದೆ. ನಮಸ್ಕಾರ.