ಸೂರ್ಯ ಸಿಡಿದರೆ ಮಂಡ್ಯದ ಹುಡುಗಿಯ ಪ್ರೀತಿ ಏನಾಗುತ್ತದೆ?

ನಮಸ್ಕಾರ! ಮಂಡ್ಯದಿಂದ ಪಿಯುಸಿ ಓದುವ ವೀಕ್ಷಕಿಯೊಬ್ಬರು ಒಂದು ಕಥೆ ಕಳಿಸಿದ್ದಾರೆ. ನಾಯಕಿಗೆ 17 ವರ್ಷ. ಹುಡುಗ ಮೈಸೂರಿನಲ್ಲಿ. ಮನಸ್ಸಿನ ಮಾತು ಟೈಪ್ ಮಾಡಿ ಇನ್ನೇನು ಕಳಿಸಬೇಕು, ಸೂರ್ಯ ಸಿಡಿಯುತ್ತಾನೆ. ಆಕಾಶ ಕೆಂಪಾಗುತ್ತದೆ. ಮೊಬೈಲ್ ಕೈಯಲ್ಲೇ ಸುಟ್ಟುಹೋಗುತ್ತದೆ. 'ಇದು ನಿಜವಾಗಿ ಆಗಬಹುದಾ ಸಾರ್?'

ಅರ್ಧ ಆಗಬಹುದು. ಸೂರ್ಯ ಆಗಾಗ ಸಿಡಿದು ಬಿಸಿ ಕಣಗಳ ಮೋಡ ಉಗುಳುತ್ತಾನೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಆಗ ಉದ್ದನೆಯ ತಂತಿಗಳಲ್ಲಿ ತಾನಾಗಿ ಕರೆಂಟ್ ಹರಿಯುತ್ತದೆ. ಬೇಸಿಕ್ಸ್ ಇಷ್ಟೇ. ನನಗೆ ಹೇಳಬೇಕಿರುವುದು 1859ರ ಕಥೆ.

ಸೆಪ್ಟೆಂಬರ್ 1. ಇಂಗ್ಲೆಂಡಿನ ಖಗೋಳ ವಿಜ್ಞಾನಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬಿಡಿಸುತ್ತಿದ್ದರು. ನಡುವೆ ಫಳ್ ಅಂತ ಬೆಳಕು! ಹದಿನೇಳೂವರೆ ಗಂಟೆ ಕಳೆದ ಮೇಲೆ ಭೂಮಿಗೆ ಏಟು ಬಿತ್ತು. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲೂ ಅದು ದಾಖಲಾಯಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ಟೆಲಿಗ್ರಾಫ್ ಲೈನಿಗೆ ಹುಚ್ಚು ಹಿಡಿದಂತಾಯಿತು. ಬ್ಯಾಟರಿ ಕಿತ್ತು ನೋಡೋಣ ಅಂದ ಒಬ್ಬ ಆಪರೇಟರ್. ಎರಡೂ ಕಡೆ ಕಿತ್ತರು. ಮಾತು ಮೊದಲಿಗಿಂತ ಚೆನ್ನಾಗಿ ಹೋಯಿತು! ಸುಮಾರು ಎರಡು ಗಂಟೆ ಬ್ಯಾಟರಿಯೇ ಇಲ್ಲದೆ ಮಾತಾಡಿದರು. ಸೂರ್ಯನೇ ಇಬ್ಬರಿಗೂ ರೀಚಾರ್ಜ್ ಮಾಡಿಸಿಕೊಟ್ಟ ಹಾಗೆ. ಪ್ರೇಮಕಥೆಗೆ ಇದಕ್ಕಿಂತ ಸೀನ್ ಬೇಕಾ? ನನಗಂತೂ ಸುಟ್ಟ ಮೊಬೈಲಿಗಿಂತ ಇದೇ ಇಷ್ಟ.

ಅಷ್ಟಕ್ಕೂ ಮೊಬೈಲ್ ಸುಡುವುದಿಲ್ಲ. ಅಂಗೈಯಗಲದ ವಸ್ತುವಿನಲ್ಲಿ ಅಂಥ ಕರೆಂಟ್ ಹುಟ್ಟುವುದಿಲ್ಲ, ಅದಕ್ಕೆ ಕಿಲೋಮೀಟರ್‌ಗಟ್ಟಲೆ ತಂತಿ ಬೇಕು. ಏಟು ಬೀಳುವುದು ಗ್ರಿಡ್‌ಗೆ, ಅಂದರೆ ಊರೂರಿಗೆ ಕರೆಂಟ್ ಸಾಗಿಸುವ ತಂತಿಜಾಲಕ್ಕೆ. ಇಂಥದೇ ಏಟಿಗೆ 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು 9 ಗಂಟೆ ಕತ್ತಲಲ್ಲಿತ್ತು. ಕರೆಂಟ್ ಹೋದ ಮೇಲೆ ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ನೆಟ್‌ವರ್ಕ್. ಆಮೇಲೆ ನಾಯಕಿಯ ಮೆಸೇಜಿಗೆ ಒಂದೇ ಟಿಕ್.

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ. ಕೆಂಪು ಆಕಾಶ 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಕಂಡಿತ್ತು. ಮಂಡ್ಯ ತುಂಬಾ ದಕ್ಷಿಣಕ್ಕಿದೆ, ಕಾಣುವುದು ಕಷ್ಟ. ಕಥೆಗೆ ರಿಯಾಯಿತಿ ಕೊಡೋಣ. ಗ್ರಿಡ್‌ಗೆ ಅಪಾಯವೂ ಧ್ರುವಗಳ ಕಡೆಯ ದೇಶಗಳಿಗೇ ಜಾಸ್ತಿ. ಕಾವಲಿಗೆ ಸೂರ್ಯನನ್ನೇ ನೋಡುತ್ತಿರುವ ನಮ್ಮ ಇಸ್ರೋ ನೌಕೆ ಆದಿತ್ಯ ಎಲ್1 ಇದೆ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ.

ಆದರೆ ಒಂದನ್ನು ಮಾತ್ರ ತಿದ್ದಲೇಬೇಕು. ಸಿಡಿದ ತಕ್ಷಣ ಪ್ರಳಯ ಆಗುವುದಿಲ್ಲ. ಬೆಳಕು 8 ನಿಮಿಷದಲ್ಲಿ ಬರುತ್ತದೆ. ಮೋಡಕ್ಕೆ ಎಷ್ಟೇ ಅವಸರವಿದ್ದರೂ ಅರ್ಧ ದಿನಕ್ಕಿಂತ ಜಾಸ್ತಿ ಬೇಕು. ಮಂಡ್ಯದಿಂದ ಮೈಸೂರಿಗೆ ಬರೀ 45 ಕಿಲೋಮೀಟರ್. ನಾಯಕಿ ಸುಮ್ನೆ ಟೈಪ್ ಮಾಡುವುದು ಬಿಟ್ಟು ಬಸ್ ಹತ್ತಲಿ. ಶಕ್ತಿ ಯೋಜನೆ ಇದೆ, ಟಿಕೆಟ್ ದುಡ್ಡೂ ಬೇಡ. ಆಧಾರ್ ಕಾರ್ಡ್ ಮಾತ್ರ ಮರೆಯದಿರಲಿ.