ಟಿಕ್ ಬಿದ್ದಿದೆ, ಕೈ ನಿಂತಿತ್ತಾ?

ಕೇಳುಗರೇ, ನಮಸ್ಕಾರ.

ಆಪರೇಷನ್ ಥಿಯೇಟರ್. ರೋಗಿಗೆ ಅರಿವಳಿಕೆ ಕೊಟ್ಟಾಗಿದೆ, ಹಸಿರು ಬಟ್ಟೆ ಹೊದಿಸಿದ್ದಾಗಿದೆ. ಇನ್ನೇನು ಸರ್ಜನ್ ಕೈಗೆ ಬ್ಲೇಡ್ ಬರಬೇಕು. ಆಗ ನರ್ಸ್ ಗಟ್ಟಿಯಾಗಿ ‘ಟೈಮ್ ಔಟ್’ ಅನ್ನುತ್ತಾರೆ. ಎಲ್ಲರೂ ಕೈ ನಿಲ್ಲಿಸಬೇಕು. ರೋಗಿ ಯಾರು? ಯಾವ ಆಪರೇಷನ್? ಎಡ ಕಿಡ್ನಿಯೋ, ಬಲ ಕಿಡ್ನಿಯೋ? ಆಂಟಿಬಯೋಟಿಕ್ ಕೊಟ್ಟು 60 ನಿಮಿಷದೊಳಗೇ ಇದ್ದೇವಾ? ಒಂದೊಂದಕ್ಕೂ ಬಾಯಿಬಿಟ್ಟು ಉತ್ತರ ಹೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಚೆಕ್‌ಲಿಸ್ಟ್ ಇದು. 19 ಅಂಶ, ಮೂರು ಹಂತ: ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು. ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಪಟ್ಟಿ ಪಾಲಿಸುತ್ತಿದ್ದೇವೆ ಎಂದು ಆಸ್ಪತ್ರೆಗಳೇನೋ ಹೇಳಿದ್ದವು.

ಪಾಲಿಸುವುದು ಅಂದರೆ ಏನು? ನನಗೆ ಕಾಡುವ ಪ್ರಶ್ನೆ ಇದೇ. ನರ್ಸ್ ಓದುತ್ತಿರುತ್ತಾರೆ, ಅರಿವಳಿಕೆ ವೈದ್ಯರು ಸಿರಿಂಜ್‌ಗೆ ಔಷಧಿ ಎಳೆಯುತ್ತಿರುತ್ತಾರೆ, ಇನ್ನೊಬ್ಬರು ಲೈಟ್ ತಿರುಗಿಸುತ್ತಿರುತ್ತಾರೆ. ಯಾರೋ ‘ಹೂಂ, ಹೂಂ’ ಅನ್ನುತ್ತಾರೆ. ಟಿಕ್ ಬೀಳುತ್ತದೆ. ಕೆಲವೊಮ್ಮೆ ಓದುವುದಕ್ಕೂ ಮುಂಚೆಯೇ ಬಿದ್ದಿರುತ್ತದೆ!

ಜಾಸ್ತಿ ಸೊರಗುವುದು ಕೊನೆಯ ಹಂತ. ಹೊಲಿಗೆ ಮುಗಿಯುತ್ತಿದೆ, ಸರ್ಜನ್ ಗ್ಲೌಸ್ ಬಿಚ್ಚುತ್ತಿದ್ದಾರೆ, ಮನಸ್ಸು ಆಗಲೇ ಮುಂದಿನ ಕೇಸಿಗೆ ಹೋಗಿದೆ. ಆದರೆ ಮಾಪ್ (ರಕ್ತ ಒರೆಸುವ ಬಟ್ಟೆ), ಸೂಜಿ, ಉಪಕರಣಗಳ ಲೆಕ್ಕ ಕೂಡಿಬಂತು ಅಂತ ಎಲ್ಲರ ಮುಂದೆ ಹೇಳಬೇಕಾದದ್ದು ಆಗಲೇ. ಲ್ಯಾಬಿಗೆ ಹೋಗುವ ಬಾಟಲಿಯ ಮೇಲಿನ ಹೆಸರನ್ನು ಓದಬೇಕಾದದ್ದೂ ಆಗಲೇ. ಆ ಹೆಸರು ಅದಲುಬದಲಾದರೆ ಒಬ್ಬರ ಕ್ಯಾನ್ಸರ್ ರಿಪೋರ್ಟ್ ಇನ್ನೊಬ್ಬರ ಕೈ ಸೇರುತ್ತದೆ.

ಹಾಗಾಗಿ ಸುಮ್ನೆ ಫಾರ್ಮ್ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಥಿಯೇಟರಿನ ಮೂಲೆಯಲ್ಲಿ ನಿಂತು ನೋಡಬೇಕು. ಓದುವಾಗ ಕೈಗಳು ನಿಂತವಾ? ಉತ್ತರ ಯಾರ ಬಾಯಿಂದ ಬಂತು? ತಂಡದವರು ಹೆಸರು, ಕೆಲಸ ಹೇಳಿಕೊಂಡು ಪರಿಚಯ ಮಾಡಿಕೊಳ್ಳಬೇಕು ಅಂತಲೂ ಪಟ್ಟಿಯಲ್ಲಿದೆ. ದಿನಾ ನೋಡುವ ಮುಖಗಳು, ಇದೇನು ಶಾಸ್ತ್ರ ಅನ್ನಿಸಬಹುದು. ಆದರೆ ಒಮ್ಮೆ ಬಾಯಿ ತೆರೆದವರಿಗೆ ಮತ್ತೆ ತೆರೆಯುವುದು ಸುಲಭ, ಅಲ್ವಾ? ಹೊಸದಾಗಿ ಸೇರಿದ ನರ್ಸ್ ಒಬ್ಬರು ‘ಸರ್, ಒಂದು ಮಾಪ್ ಕಮ್ಮಿ ಬರ್ತಿದೆ’ ಅಂದಾಗ, ಸರ್ಜನ್ ಸಿಡುಕದೆ ಸೂಜಿ ಕೆಳಗಿಟ್ಟು ‘ಇನ್ನೊಮ್ಮೆ ಎಣಿಸಿ, ಕಾಯ್ತೀನಿ’ ಅನ್ನುತ್ತಾರಾ? ನಾನು ನೋಡುವುದು ಅದನ್ನೇ.

ನಮಸ್ಕಾರ.