ತವರಿಗೆ ಬಂದ ವಹಾಲಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗ್ಗೆ ಬಂದರಿಗೆ ಹೊರಟವರು, ಬುಟ್ಟಿ ಹೊತ್ತು ಮೀನು ಮಾರುವ ಅಕ್ಕಂದಿರು, ಸಾರಿಗೆ ಕಾಯಿ ಅರೆಯುತ್ತ ರೇಡಿಯೊ ಹಾಕಿಕೊಂಡವರು, ನಿಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡ ಹಾಗೆ ಮಾತಾಡುತ್ತೇನೆ. ವಿಷಯ ಶಾರ್ಕ್. ನಮ್ಮ ಕರಾವಳಿಯ ತಾಟೆ, ಕೊಂಕಣಿಯವರ ಮೋರಿ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು. ತಾಟೆ ಬೂತಾಯಿಯ ಹಾಗಲ್ಲ. ಬೂತಾಯಿಯಂಥ ಸಣ್ಣ ಮೀನು ಸಾವಿರಾರು ಮೊಟ್ಟೆ ಇಡುತ್ತದೆ, ವರ್ಷದೊಳಗೆ ಮರಿಗಳೂ ಬೆಳೆದುಬಿಡುತ್ತವೆ. ತಾಟೆ ಹಾಗಲ್ಲ. ಹೆಚ್ಚಿನವು ಬಸುರಾಗಿ ಮರಿ ಹಾಕುವಂಥವು. ಸುತ್ತಿಗೆ ತಲೆಯ ತಾಟೆ 9-10 ತಿಂಗಳು ಮರಿಗಳನ್ನು ಹೊಟ್ಟೆಯಲ್ಲಿ ಹೊತ್ತು ತಿರುಗುತ್ತದೆ, ನಮ್ಮ ಹೆಣ್ಣುಮಕ್ಕಳ ಹಾಗೆಯೇ. ಉದ್ದ ಬಾಲದ ಥ್ರೆಷರ್ ತಾಟೆಗಳಲ್ಲಿ ಒಂದು ಬಗೆ ಹಾಕುವುದು ಎರಡೇ ಮರಿ. ಬರೀ ಎರಡು! ತಾಯಾಗುವ ವಯಸ್ಸಿಗೆ ಬರಲು ಎಷ್ಟೋ ತಾಟೆಗಳಿಗೆ ಹತ್ತಾರು ವರ್ಷ ಬೇಕು.

ಇಂಥ ಜೀವವನ್ನು ರೆಕ್ಕೆಗಾಗಿ ಕೊಲ್ಲುತ್ತಾರೆ. ದೂರದ ಸಮುದ್ರದಲ್ಲಿ ಹಡಗಿನ ಮೇಲೆಳೆದು ಬೆನ್ನಿನ ರೆಕ್ಕೆ, ಎದೆಯ ಎರಡು ರೆಕ್ಕೆ, ಬಾಲದ ರೆಕ್ಕೆ ಕೊಯ್ದುಕೊಳ್ಳುತ್ತಾರೆ. ಉಳಿದ ಮೈಯನ್ನು ವಾಪಸ್ ನೀರಿಗೆ ತಳ್ಳುತ್ತಾರೆ. ಜೀವ ಇನ್ನೂ ಇರುತ್ತದೆ. ಎಷ್ಟೋ ತಾಟೆಗಳಿಗೆ ಈಜುತ್ತಿದ್ದರೆ ಮಾತ್ರ ಕಿವಿರಿನಲ್ಲಿ ನೀರು ಹರಿದು ಉಸಿರಾಟ ನಡೆಯುತ್ತದೆ. ರೆಕ್ಕೆಯೇ ಇಲ್ಲದೆ ಈಜುವುದು ಹೇಗೆ? ತಳಕ್ಕೆ ಹೋಗಿ ಉಸಿರುಕಟ್ಟಿ ಸಾಯುತ್ತದೆ. ಹೀಗೇಕೆ ಅಂದರೆ, ಮಾಂಸಕ್ಕೆ ಬೆಲೆ ಕಡಿಮೆ, ರೆಕ್ಕೆಗೆ ಜಾಸ್ತಿ. ಹಾಂಗ್‌ಕಾಂಗ್‌ನಂಥ ಪೇಟೆಗಳಲ್ಲಿ ಅದನ್ನು ಕೊಂಡು ಸೂಪ್ ಮಾಡುತ್ತಾರೆ. ಬೇಯಿಸಿದರೆ ಒಳಗಿನಿಂದ ಶಾವಿಗೆಯಂಥ ನಾರು ಬರುತ್ತದೆ, ಅಷ್ಟೇ. ಆ ನಾರಿಗೆ ರುಚಿಯೇ ಇಲ್ಲ. ಸೂಪಿನ ರುಚಿಯೆಲ್ಲ ಅದಕ್ಕೆ ಹಾಕುವ ಕೋಳಿಯ ರಸದ್ದು.

ತಾಟೆ ಮನುಷ್ಯರನ್ನು ತಿನ್ನುತ್ತದಲ್ವಾ ಸಾರ್ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನ ತಾಟೆಯ ಬಾಯಿಗೆ ಸಿಕ್ಕಿ ಸಾಯುತ್ತಾರೆ. ನಾವು ಕೊಲ್ಲುವ ತಾಟೆಗಳು ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ದಯವಿಟ್ಟು ಆ ಪ್ರಶ್ನೆಯನ್ನು ಇನ್ನು ಬಿಟ್ಟುಬಿಡಿ.

ಗುಜರಾತಿನ ವೆರಾವಳದ ಕಥೆ ಹೇಳುತ್ತೇನೆ. ಅಲ್ಲಿಯ ಸಮುದ್ರಕ್ಕೆ ತಿಮಿಂಗಿಲ ಶಾರ್ಕ್ ಬರುತ್ತದೆ. ಬಸ್ಸಿನಷ್ಟು ದೊಡ್ಡದು, ಮೈತುಂಬ ಬಿಳಿ ಚುಕ್ಕೆ, ಯಾರಿಗೂ ತೊಂದರೆ ಕೊಡದ ಸಾಧು. ಜನ ಅದನ್ನು 'ಬ್ಯಾರಲ್' ಎನ್ನುತ್ತಿದ್ದರು. ಕೊಕ್ಕೆ ಚುಚ್ಚಿ, ಹಗ್ಗಕ್ಕೆ ಪೀಪಾಯಿಗಳನ್ನು ಕಟ್ಟಿಬಿಡುತ್ತಿದ್ದರು. ಪೀಪಾಯಿ ಮುಳುಗುವುದಿಲ್ಲವಲ್ಲ, ಮೀನು ಆಳಕ್ಕೆ ಹೋಗಲಾರದೆ ಸುಸ್ತಾಗಿ ಸಾಯುತ್ತಿತ್ತು. ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸ, ರೆಕ್ಕೆ ಹೊರದೇಶಕ್ಕೆ ಹೋಗುತ್ತಿತ್ತು. 2001ರಲ್ಲಿ ಸರ್ಕಾರ ಅದಕ್ಕೆ ಹುಲಿಗೆ ಕೊಟ್ಟಷ್ಟೇ ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ದೋಣಿಯಲ್ಲಿರುವವರಿಗೆ ಆ ಸುದ್ದಿಯೇ ತಲುಪಿರಲಿಲ್ಲ.

2004ರಲ್ಲಿ ವನ್ಯಜೀವಿ ಉಳಿಸುವ ಕೆಲಸ ಮಾಡುವವರು, ರಾಮಕಥೆ ಹೇಳುವ ಮೊರಾರಿ ಬಾಪು ಅವರನ್ನು ಕರೆತಂದರು. ಈ ಮೀನಿನ ಬಗ್ಗೆ ಬಾಪು, ಇವಳು ಹೆರಿಗೆಗೆ ತವರಿಗೆ ಬಂದ ನಿಮ್ಮ ಮಗಳು ಅಂದರು. ವಹಾಲಿ ಎಂದು ಹೆಸರೂ ಬಿತ್ತು. ಗುಜರಾತಿಯಲ್ಲಿ ಅಕ್ಕರೆಯವಳು ಎಂದರ್ಥ. ಗಾಳಿ ತುಂಬಿದ ದೊಡ್ಡ ಮೀನಿನ ಬೊಂಬೆಯನ್ನು ಊರೂರಿಗೆ ಒಯ್ದರು. ಬಸುರಿ ಮಗಳ ಕಥೆಯ ಬೀದಿನಾಟಕ ಆಡಿದರು.

ನಾನು ಅಲ್ಲಿಗೆ ಹೋಗಿದ್ದಾಗ ಹಿರಿಯ ಮೀನುಗಾರರೊಬ್ಬರ ಮನೆಯಲ್ಲಿ ಚಹಾ ಕುಡಿದೆ. ಅಂಗಳದ ಮೂಲೆಯಲ್ಲಿ ಆ ಹಳೆಯ ಕೊಕ್ಕೆ ಬಿದ್ದಿತ್ತು. ನನ್ನ ಮುಂಗೈಯಷ್ಟು ಉದ್ದ, ಪೂರ್ತಿ ತುಕ್ಕು. ಪೀಪಾಯಿಯಲ್ಲಿ ಮನೆಬಳಕೆಯ ನೀರು ತುಂಬಿಟ್ಟಿದ್ದರು. ಮೊದಲ ಸಲ ಬಲೆ ಕೊಯ್ದು ಅದನ್ನು ಬಿಟ್ಟ ದಿನ ಮನೆಯಲ್ಲಿ ಬೈಗುಳ ತಿಂದೆ ಅಂದರು. ಸುಮ್ನೆ ಅಲ್ಲ, ಬಲೆ ಅಂದರೆ ಮೀನುಗಾರನಿಗೆ ಎಷ್ಟು ದುಡ್ಡು ಅಂತ ನಿಮಗೇ ಗೊತ್ತು. ಆಮೇಲೆ ಅರಣ್ಯ ಇಲಾಖೆ ಹರಿದ ಬಲೆಗೆ ಪರಿಹಾರ ಕೊಡಲು ಶುರುಮಾಡಿತು. ಇಲ್ಲಿಯವರೆಗೆ 900ಕ್ಕೂ ಹೆಚ್ಚು ವಹಾಲಿಗಳನ್ನು ಅಲ್ಲಿಯ ಮೀನುಗಾರರು ಬಿಡಿಸಿದ್ದಾರೆ. ಬ್ಯಾರಲ್ ಎಂದು ಕೊಕ್ಕೆ ಹಾಕುತ್ತಿದ್ದ ಕೈಗಳೇ!

ಸಮಯ ಆಗುತ್ತ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2013ರಿಂದ ನಮ್ಮ ದೇಶದಲ್ಲಿ ತಾಟೆಯನ್ನು ರೆಕ್ಕೆ ಸಮೇತವೇ ದಡಕ್ಕೆ ತರಬೇಕು. 2015ರಿಂದ ರೆಕ್ಕೆ ರಫ್ತು ಮಾಡುವಂತಿಲ್ಲ. ಆದರೂ 2018ರಲ್ಲಿ ಮುಂಬೈ ಮತ್ತು ಅದೇ ವೆರಾವಳದಲ್ಲಿ 8,000 ಕಿಲೋ ರೆಕ್ಕೆ ಸಿಕ್ಕಿಬಿತ್ತು. ವಹಾಲಿಯ ಊರಿನಲ್ಲೇ ಎಂಬುದು ನನಗೆ ಈಗಲೂ ಸಂಕಟ. ಒಂದು ಜಾತಿಗೆ ಸಿಕ್ಕ ಅಕ್ಕರೆ ಬೇರೆ ತಾಟೆಗಳಿಗೆ ಇನ್ನೂ ಸಿಕ್ಕಿಲ್ಲ. ಅವೂ ಬೂತಾಯಿಯ ಹಾಗಲ್ಲ, ಅವುಗಳಲ್ಲೂ ಹೆಚ್ಚಿನವು ಬಸುರಾಗುವಂಥವೇ.

ಅಕ್ಕಂದಿರೇ, ಬಾಣಂತಿಗೆ ಹಾಲು ಹೆಚ್ಚಲಿ ಎಂದು ಮರಿ ತಾಟೆ ಹುಡುಕಬೇಡಿ. ತಾಟೆಯ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಬಸುರಿಯರೂ ಬಾಣಂತಿಯರೂ ಅದನ್ನು ತಿನ್ನಲೇಬಾರದು. ಕಾಣೆ ಮೀನಿದೆ, ನಂಗ್ ಮೀನಿದೆ, ಅದನ್ನು ಕೊಡಿ. ಅಣ್ಣಂದಿರೇ, ರೆಕ್ಕೆ ಕೇಳಿಕೊಂಡು ಬರುವ ದಲ್ಲಾಳಿಗೆ ಇಲ್ಲ ಎನ್ನಿ. ಬಲೆ ಕೊಯ್ದವರಿಗೆ ದುಡ್ಡು ಕೊಡುವ ಕ್ರಮ ಎಲ್ಲ ಕರಾವಳಿಗೂ ಬೇಕು, ನಿಮ್ಮ ಸಂಘದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಕೇಳಿ. ಜೀವಂತ ತಾಟೆ ಬಲೆಗೆ ಬಂದರೆ, ದೋಣಿಯ ಮೇಲೆ ಎಳೆಯುವ ಮೊದಲೇ, ನೀರಿನಲ್ಲೇ ಬಿಡಿಸಿ ಬಿಡಿ.

ನಮಸ್ಕಾರ.